ಹ್ಯಾರಿಯೆಟ್‌ಳ ಅಮ್ಮನ ಕೆಲಸ ಹೋಯಿತು

ಮಕ್ಕಳ ಚಾರಿತ್ರಿಕ ಕಾದಂಬರಿಯ ಬೆನ್ನುಪುಟದಲ್ಲಿ ‘ದಿಟ್ಟ ಹುಡುಗಿಯ ಕಥೆ’ ಎಂದು ಅಚ್ಚಾಗಿದ್ದರೆ ಓದುವ ಮೊದಲೇ ನನಗೊಂದು ಅನುಮಾನ. ಹನ್ನೆರಡು ವರ್ಷದ ಆ ಹುಡುಗಿ ಮೊದಲ ಅಧ್ಯಾಯದಲ್ಲಿ ಅಪ್ಪನಿಗೆ ಎದುರುತ್ತರ ಕೊಡುತ್ತಾಳೆ, ಎರಡನೆಯದರಲ್ಲಿ ಗಂಡುಡುಗೆ ತೊಟ್ಟು ಮನೆ ಬಿಡುತ್ತಾಳೆ, ಹತ್ತನೆಯದರ ಹೊತ್ತಿಗೆ ಊರ ಹಿರಿಯರೆಲ್ಲ ಅವಳೆದುರು ತಲೆ ತಗ್ಗಿಸಿರುತ್ತಾರೆ. ಹಸಿವಿಲ್ಲ, ತಲೆಯಲ್ಲಿ ಹೇನಿಲ್ಲ, ಭಯವಂತೂ ಇಲ್ಲವೇ ಇಲ್ಲ. ಇಂದಿನ ಹುಡುಗಿಗೆ ಹಳೆಯ ಕಾಲದ ಬಟ್ಟೆ ತೊಡಿಸಿ ವೇದಿಕೆಗೆ ಕಳಿಸಿದಂತಿರುತ್ತದೆ.

ಚರಿತ್ರೆಯಲ್ಲಿ ನಿಜವಾಗಿಯೂ ಇದ್ದ ಹುಡುಗಿಯೊಬ್ಬಳನ್ನು ನೋಡಿ. ಅಮೆರಿಕದ ಲೋವೆಲ್ ಪಟ್ಟಣದ ಬಟ್ಟೆ ಗಿರಣಿಗೆ ಹ್ಯಾರಿಯೆಟ್ ಹ್ಯಾನ್ಸನ್ ಹತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಳು. ನೂಲು ತುಂಬಿದ ಬಾಬಿನ್‌ಗಳನ್ನು ಕಿತ್ತು ಖಾಲಿ ಬಾಬಿನ್ ಸಿಕ್ಕಿಸುವುದು ಅವಳ ಪಾಲಿನ ಕೆಲಸ. 1836ರಲ್ಲಿ ಗಿರಣಿಯವರು ಊಟ, ವಸತಿಯ ಹೆಚ್ಚುವರಿ ಖರ್ಚನ್ನು ಹುಡುಗಿಯರ ತಲೆಗೆ ಕಟ್ಟಿದಾಗ ಮುಷ್ಕರ ಶುರುವಾಯಿತು. ಅವಳ ಕೋಣೆಯ ದೊಡ್ಡ ಹುಡುಗಿಯರು ಹೋಗುವುದೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದರು. ಹನ್ನೊಂದರ ಹ್ಯಾರಿಯೆಟ್, ಯಾರು ಬಂದರೂ ಬಿಟ್ಟರೂ ನಾನಂತೂ ಹೊರಟೆ ಎಂದು ನಡೆದೇಬಿಟ್ಟಳು. ತಿರುಗಿ ನೋಡಿದರೆ ಅವಳ ಬೆನ್ನಿಗೆ ಉದ್ದದ ಸಾಲು.

ಬಹುಪಾಲು ಕಾದಂಬರಿಕಾರರು ಇಲ್ಲಿಗೆ ತೆರೆ ಎಳೆದುಬಿಡುತ್ತಾರೆ. ನನಗೆ ಬೇಕಾದದ್ದು ಮುಂದಿನ ಅಧ್ಯಾಯ. ಹ್ಯಾರಿಯೆಟ್‌ಳ ತಾಯಿ ವಿಧವೆ, ಅದೇ ಕಂಪನಿಯ ವಸತಿಗೃಹ ನಡೆಸುತ್ತಿದ್ದವರು. ದೊಡ್ಡ ಹುಡುಗಿಯರನ್ನು ತಡೆಯಲು ನಿಮ್ಮಿಂದ ಆಗಲಿಲ್ಲ, ಸರಿ. ನಿಮ್ಮ ಮಗಳು ಮಗು, ಅವಳನ್ನಾದರೂ ಹಿಡಿದಿಡಬಹುದಿತ್ತಲ್ಲ ಎಂದು ಅವರನ್ನು ಕೆಲಸದಿಂದ ತೆಗೆದರು. 1898ರಲ್ಲಿ, ತನ್ನ 73ನೇ ವಯಸ್ಸಿನಲ್ಲಿ, ಹ್ಯಾರಿಯೆಟ್ ಇದನ್ನೂ ಸೇರಿಸಿಯೇ ನೆನಪುಗಳನ್ನು ಪ್ರಕಟಿಸಿದರು. ಆ ರಾತ್ರಿ ತಾಯಿ, ಮಗಳು ಊಟಕ್ಕೆ ಕುಳಿತಾಗ ಯಾರು ಮೊದಲು ಮಾತನಾಡಿರಬಹುದು? ಕಾದಂಬರಿಗೆ ಕೆಲಸವಿರುವುದು ಅಲ್ಲಿ.

ಖಡ್ಗಕ್ಕಿಂತ ಕೈಗೆಲಸವನ್ನು ನಾನು ಹೆಚ್ಚು ನಂಬುತ್ತೇನೆ. 1880–81ರ ಚಳಿಗಾಲದಲ್ಲಿ ಅಮೆರಿಕದ ಡಕೋಟಾ ಬಯಲಿಗೆ ಹಿಮದಿಂದ ರೈಲು ನಿಂತು ಕಲ್ಲಿದ್ದಲು ಮುಗಿದಾಗ, ಒಣಹುಲ್ಲನ್ನು ಹೊಸೆದು ಕಟ್ಟಿಗೆಯಂತೆ ಒಲೆಗೆ ಹಾಕಿದರು. ಕಾಫಿ ಬೀಜದ ಪುಟ್ಟ ಯಂತ್ರದಲ್ಲಿ ಗೋಧಿ ಬೀಸಿದರು. ಮಕ್ಕಳ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಇದನ್ನು 1940ರ ತಮ್ಮ ಕಾದಂಬರಿಯಲ್ಲಿ ತಂದಿದ್ದಾರೆ. ಅಲ್ಲಿ ಶೌರ್ಯವೆಂದರೆ ನಾಳೆಯೂ ಎದ್ದು ಅದೇ ಹುಲ್ಲು ಹೊಸೆಯುವುದು. (ಮೂಲನಿವಾಸಿಗಳನ್ನು ಅವರು ಚಿತ್ರಿಸಿದ ರೀತಿಗಾಗಿ, ಅವರ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನು 2018ರಲ್ಲಿ ಬದಲಾಯಿಸಿದರು. ಸರಿಯೇ ಆಯಿತು. ಆದರೂ ಹುಲ್ಲಿನ ಆ ಪುಟಗಳನ್ನು ಮಕ್ಕಳ ಕೈಯಿಂದ ಕಸಿಯಲು ನನಗೆ ಮನಸ್ಸಿಲ್ಲ.)

ಇಷ್ಟೊಂದು ಕಷ್ಟ ಮಕ್ಕಳಿಗೇಕೆ ಎನ್ನುವ ಹಿರಿಯರಿದ್ದಾರೆ. ಹ್ಯಾರಿಯೆಟ್‌ಳ ಕಥೆಯನ್ನು ಮೊನ್ನೆ ಅಕ್ಕನ ಮಗಳಿಗೆ ಹೇಳಿದೆ. ಮುಷ್ಕರದ ಸಾಲು ಎಷ್ಟು ಉದ್ದವಿತ್ತು ಎಂದು ಅವಳು ಕೇಳಲೇ ಇಲ್ಲ. “ಅಮ್ಮ ಅವಳಿಗೆ ಬೈದರಾ?” ಎಂದಳು. ದೀಪ ಆರಿಸಿದ ಮೇಲೆ ಮತ್ತೊಮ್ಮೆ ಅದನ್ನೇ ಕೇಳಿದಳು.