ಹಿಟ್ಟು ಒಂದೇ, ರೊಟ್ಟಿ ಬೇರೆ

ವಿಜಯಪುರದಲ್ಲಿ ಯಾರ ಮನೆಯ ಕಂಪ್ಯೂಟರನ್ನಾದರೂ ಚಾಲೂ ಮಾಡಿ ನೋಡಿ. ಪರದೆಯ ಎಡಗಡೆ ಮೂರೋ ನಾಲ್ಕೋ ಬ್ರೌಸರ್‌ಗಳು ಪಂಕ್ತಿಗೆ ಕೂತಿರುತ್ತವೆ. ಎಡ್ಜ್ ವಿಂಡೋಸ್ ಜೊತೆಗೇ ಬಂದದ್ದು, ಕ್ರೋಮ್ ಮಗ ಹಾಕಿದ್ದು, ಫೈರ್‌ಫಾಕ್ಸ್ ರಿಪೇರಿಯವನು ಹಾಕಿ ಹೋದದ್ದು. ನಾಲ್ಕನೆಯದರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದು ಇನ್ನೇನನ್ನೋ ಇಳಿಸುವಾಗ ‘ನೆಕ್ಸ್ಟ್, ನೆಕ್ಸ್ಟ್’ ಒತ್ತಿದ್ದರ ಪ್ರಸಾದ. ಎಲ್ಲ ಇದ್ದೂ ಪ್ರಶ್ನೆ ಮಾತ್ರ ತಪ್ಪುವುದಿಲ್ಲ: ‘ಇದರಾಗ ಚಲೋದು ಯಾವುದ್ರೀ?’

ಚಲೋದು ಹುಡುಕುವ ಮೊದಲು ಹಿಟ್ಟು ನೋಡಬೇಕು. ಕ್ರೋಮ್ ನಿಂತಿರುವುದು ಕ್ರೋಮಿಯಂ ಎಂಬ ಹಿಟ್ಟಿನ, ಅಂದರೆ ಮೂಲ ತಂತ್ರಾಂಶದ, ಮೇಲೆ. ಒಪೆರಾ 2013ರಲ್ಲಿ ಅದೇ ಹಿಟ್ಟಿಗೆ ಬಂತು. 2020ರ ಜನವರಿಯಲ್ಲಿ ಎಡ್ಜ್ ಕೂಡ ತನ್ನ ಹಳೆಯ ಹಿಟ್ಟು ಚೆಲ್ಲಿ ಅದನ್ನೇ ಕಲಸಿಕೊಂಡಿತು. ಬ್ರೇವ್, ವಿವಾಲ್ಡಿಗಳದ್ದೂ ಅದೇ. ಒಂದು ಬಿಸಿ ರೊಟ್ಟಿ, ಒಂದು ಖಡಕ್ ರೊಟ್ಟಿ, ಜೋಳ ಮಾತ್ರ ಒಂದೇ. ಫೈರ್‌ಫಾಕ್ಸ್ ಒಂದೇ ಸಜ್ಜೆ ರೊಟ್ಟಿ. ಪುಟ ಮೂಡಿಸುವ ಅದರ ಎಂಜಿನ್ ಗೆಕ್ಕೊ, ಬೇರೆಯೇ ಧಾನ್ಯ. ಹಾಗಾಗಿ ಯಾವುದೋ ಅರ್ಜಿಯ ‘ಸಬ್ಮಿಟ್’ ಗುಂಡಿ ಕ್ರೋಮಿನಲ್ಲಿ ಒತ್ತಿದರೂ ಅಲುಗಾಡದಿದ್ದರೆ ಎಡ್ಜಿಗೆ ಓಡುವುದರಲ್ಲಿ ಹೆಚ್ಚು ಅರ್ಥವಿಲ್ಲ. ಮೊದಲು ಕಂಟ್ರೋಲ್ ಜೊತೆ ಎಫ್5 ಒತ್ತಿ, ಕ್ಯಾಶ್, ಅಂದರೆ ಕೂಡಿಟ್ಟ ಹಳೆಯ ಪ್ರತಿ, ಬಿಟ್ಟು ಪುಟ ಹೊಸದಾಗಿ ಬರಲಿ. ವಿಳಾಸಪಟ್ಟಿಯ ಬಲತುದಿಯಲ್ಲಿ ಪಾಪ್-ಅಪ್ ತಡೆದ ಗುರುತು ಇದೆಯೇ ನೋಡಿ; ಹಣ ಕಟ್ಟುವ ಕಿಟಕಿ ಎಷ್ಟೋ ಸಲ ಅಲ್ಲೇ ಸಿಕ್ಕಿಬಿದ್ದಿರುತ್ತದೆ. ಆಮೇಲೂ ಆಗದಿದ್ದರೆ ಫೈರ್‌ಫಾಕ್ಸ್.

ಇನ್ನು ಕೆಲವು ರೋಗಗಳಿಗೆ ಬ್ರೌಸರ್ ಬದಲಿಸುವುದೇ ತಪ್ಪು ಮದ್ದು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಹಳೆಯ ಡೆಸ್ಕ್‌ಟಾಪ್‌ಗಳ ಮನೆಯಲ್ಲಿ ಕೇಳಿಬರುವ ದೂರು ಹೀಗಿರುತ್ತದೆ: ‘ಕ್ರೋಮ್ ಕೆಟ್ಟೈತ್ರೀ, ಎಡ್ಜೂ ಕೆಟ್ಟೈತಿ. ಫೈರ್‌ಫಾಕ್ಸ್ ಅಂತೂ ಮೊದಲಿಂದನೂ ಕೆಟ್ಟಿತ್ತು ಅನಸ್ತೈತಿ.’ ಎಲ್ಲದರಲ್ಲೂ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬಂಥದೇ ಗೋಳು. ಮೂರೂ ಒಮ್ಮೆಲೇ ಕೆಟ್ಟವೆಂದರೆ ಮೂರೂ ಕೆಟ್ಟಿಲ್ಲವೆಂದೇ ತಿಳಿಯಬೇಕು. ಪರದೆಯ ಬಲಮೂಲೆಯಲ್ಲಿ ತಾರೀಖು ಓದಿ: 2015ರ ಜನವರಿ 1! ಪ್ರತಿ ಜಾಲತಾಣ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಆಯುಷ್ಯವಿದೆ. ಈಗಿನವು ಒಂದು ವರ್ಷ ಚಿಲ್ಲರೆಗಿಂತ ಹೆಚ್ಚು ಬಾಳುವುದಿಲ್ಲ. 2015ರಲ್ಲಿ ಕೂತ ಕಂಪ್ಯೂಟರಿಗೆ ಅದು ಇನ್ನೂ ಹುಟ್ಟದ ಕೂಸು. ಹುಟ್ಟದ ಕೂಸಿನ ಕುಲಾವಿ ನೋಡಿ ಬ್ರೌಸರ್ ಒಪ್ಪೀತು ಹೇಗೆ?

ತಪ್ಪು ಮದರ್‌ಬೋರ್ಡಿನ ಮೇಲಿನ ಗುಂಡನೆಯ ಬ್ಯಾಟರಿಯದು; ಕರೆಂಟಿಲ್ಲದಾಗ ಗಡಿಯಾರ ನಡೆಸುವುದು ಅದೇ. ಸಿಆರ್2032 ಎಂದು ಅದರ ಮೈಮೇಲೆಯೇ ಬರೆದಿರುತ್ತದೆ: ಅಗಲ 20 ಮಿಲಿಮೀಟರ್, ದಪ್ಪ 3.2, ಶಕ್ತಿ 3 ವೋಲ್ಟ್. ಒಂದು ಸಂಜೆಯ ಗಿರ್ಮಿಟ್-ಮಿರ್ಚಿ ಭಜಿಯ ಖರ್ಚಿನಲ್ಲಿ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಮೆಲ್ಲಗೆ ಸರಿಸಿದರೆ ಹಳೆಯದು ಮೇಲೆ ಪುಟಿಯುತ್ತದೆ. ಹೊಸದನ್ನು ಅಕ್ಷರವಿರುವ, ಕೂಡಿಸು ಗುರುತಿನ ಬದಿ ಮೇಲೆ ಬರುವಂತೆ ಕೂಡಿಸಬೇಕು. ಆಮೇಲೆ ಸೆಟ್ಟಿಂಗ್ಸ್‌ನ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’ನಲ್ಲಿ ತಾರೀಖನ್ನು ಮೊದಲು ಕೈಯಾರೆ ಸರಿಪಡಿಸಿ, ನಂತರವೇ ‘ಸಿಂಕ್ ನೌ’ ಒತ್ತಿ. ವರ್ಷಗಟ್ಟಲೆ ಹಿಂದೆ ಬಿದ್ದ ಗಡಿಯಾರವನ್ನು ಸಿಂಕ್ ಒಂದೇ ಎಳೆದು ತರುತ್ತದೆಂಬ ಭರವಸೆ ಬೇಡ. ಇಷ್ಟು ಮಾಡದೆ ‘ಅಡ್ವಾನ್ಸ್‌ಡ್’ ಒತ್ತಿ ಎಚ್ಚರಿಕೆ ದಾಟುವ ಶೂರರಿದ್ದಾರೆ. ಅದೂ ಬ್ಯಾಂಕಿನ ಪುಟದಲ್ಲಿ!

ವಿಂಡೋಸ್ 7 ಬಿಡಲಾರದವರ ಕಥೆ ಚಿಕ್ಕದು. ಕ್ರೋಮ್ ಅವರ ಪಾಲಿಗೆ 109ನೇ ಆವೃತ್ತಿಗೆ ನಿಂತಿತು. 2023ರ ಫೆಬ್ರುವರಿಯಲ್ಲಿ ಬಂದ 110 ಅಲ್ಲಿ ಏರುವುದೇ ಇಲ್ಲ. ಫೈರ್‌ಫಾಕ್ಸಿನ 115 ಇಎಸ್‌ಆರ್ (ಭದ್ರತಾ ದುರಸ್ತಿ ದೀರ್ಘಕಾಲ ಸಿಗುವ ಆವೃತ್ತಿ) ಅದಕ್ಕಿಂತ ಹೆಚ್ಚು ಕಾಲ ಅವರ ಕೈ ಹಿಡಿಯಿತು.

4 ಜಿಬಿ ರ‍್ಯಾಮ್‌ನಲ್ಲಿ ಎರಡು ಬ್ರೌಸರ್ ಒಟ್ಟಿಗೆ ನಡೆಸುವುದು ಒಂದೇ ಒಲೆಯ ಮೇಲೆ ಇಬ್ಬರು ಸೊಸೆಯರು ಹಂಚು ಇಟ್ಟ ಹಾಗೆ. ಯಾವ ಟ್ಯಾಬು ಎಷ್ಟು ನುಂಗಿದೆಯೆಂದು ತಿಳಿಯಲು ಕ್ರೋಮಿನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿ, ‘ಮೆಮರಿ’ ತಲೆಬರಹದ ಮೇಲೆ ಕ್ಲಿಕ್ ಮಾಡಿ. ಹೊಟ್ಟೆಬಾಕ ಮೇಲಕ್ಕೆ ಬರುತ್ತಾನೆ. ಸಾಮಾನ್ಯವಾಗಿ ಅದು ಮೂರು ದಿನದ ಹಿಂದೆ ತೆರೆದು ಮರೆತ ವಿಡಿಯೊ.

ಇನ್ನು ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ’ ಎಂದು ಮೂಲೆಯಲ್ಲಿ ಕುಣಿಯುವ ಚೀಟಿ. ಬಹಳ ಸಲ ಅದು ವೈರಸ್ಸಲ್ಲ, ಯಾವುದೋ ಪುಟ ‘ಸೂಚನೆ ಕಳಿಸಲೇ?’ ಎಂದಾಗ ಅವಸರಕ್ಕೆ ಒತ್ತಿದ ‘ಅಲೌ’. ಗೋಳಗುಮ್ಮಟದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಮರುದನಿ ಬರುತ್ತದೆ ಅನ್ನುತ್ತಾರೆ. ಈ ಅಲೌ ಏಳಕ್ಕೆ ನಿಲ್ಲುವುದಿಲ್ಲ. ಸೆಟ್ಟಿಂಗ್ಸ್, ಪ್ರೈವಸಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್: ಅಲ್ಲಿ ಅಪರಿಚಿತ ಹೆಸರುಗಳನ್ನೆಲ್ಲ ತೆಗೆದುಹಾಕಿ.

ಇಷ್ಟೆಲ್ಲ ಆದಮೇಲೂ ಕ್ರೋಮೇ ಬೇಕೆಂದರೆ ಸಂತೋಷ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್ ತೆರೆದು, ಕ್ರೋಮ್ ಆರಿಸಿ, ಮೇಲಿನ ‘ಸೆಟ್ ಡೀಫಾಲ್ಟ್’ ಒತ್ತಿದರೆ ಮುಗಿಯಿತು. ಮುಗಿಯಿತು ಅನ್ನುವಷ್ಟರಲ್ಲಿ ಫೋನು:

‘ತಮ್ಮಾ, ನೀ ಹೇಳಿದ್ಹಂಗ ಮಾಡೇನಿ. ಆದ್ರ ಮತ್ತ ಎಡ್ಜೇ ತೆರೀತೈತಲ್ಲೋ?’

‘ಏನ್ ತೆರದ್ರೀ ಕಾಕಾ?’

‘ಪಹಣಿ. ಪಿಡಿಎಫ್ ಐತಿ.’

‘ಅದರದು ಬ್ಯಾರೇನ ಐತ್ರಿ. ಅದ ಪುಟದಾಗ ಕೆಳಗ ಸರೀರಿ, ಡಾಟ್ ಪಿಡಿಎಫ್ ಅಂತ ಇರತೈತಿ, ಅದನ್ನೂ ಬದಲಿ ಮಾಡ್ರಿ.’

‘ಮಾಡ್ದೆ. ಈಗ ಕೆಳಗಿನ ಪಟ್ಟಿಯಾಗ ಹವಾಮಾನ ಒತ್ತಿ ಸುದ್ದಿ ತೆರದೆ. ಮತ್ತ ಎಡ್ಜ್ ಬಂತು ನೋಡು.’

‘ಅದು ಎಡ್ಜಿಗೇ ಬರೋದ್ರಿ ಕಾಕಾ. ಮಳಿ ಬರತೈತೇನು ಅಂತ ಕಿಟಕಿ ತಗದ್ ನೋಡ್ರಿ.’