ರೆಕ್ಕೆಯ ಶೋಕಿ

ಸಿಗ್ನಲ್ ಹಸಿರಾಗಲು ಸಾಕಷ್ಟು ಹೊತ್ತಿದ್ದುದರಿಂದ, ಮುಂದೆ ನಿಂತಿದ್ದ ಸ್ಪೋರ್ಟ್ಸ್ ಕಾರಿನ ಹಿಂಭಾಗವನ್ನು ಅಗತ್ಯಕ್ಕಿಂತ ಹೆಚ್ಚು ಸಾವಧಾನವಾಗಿ ನೋಡುವ ಅವಕಾಶ ನನಗೆ ಒದಗಿತು. ಎದೆಮಟ್ಟಕ್ಕೂ ಬಾರದ ಆ ಕಾರಿನ ಡಿಕ್ಕಿಯ ಮೇಲೆ ಎರಡು ಕಂಬಗಳನ್ನು ನಿಲ್ಲಿಸಿ, ಅವುಗಳ ನೆತ್ತಿಗೆ ಒಂದು ರೆಕ್ಕೆಯನ್ನು, ವೇಗದಲ್ಲಿ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಬೇಕಾದಂಥದನ್ನು, ಅಡ್ಡಲಾಗಿ ಕೂರಿಸಲಾಗಿತ್ತು. ಬಂಪರಿನ ಎರಡೂ ಬದಿಗೆ ಜಾಲರಿ ಹೊದಿಸಿದ ಗಾಳಿಕಿಂಡಿಗಳಿದ್ದವು. ನನ್ನ ಹೆಡ್‌ಲೈಟಿನ ಬೆಳಕು ಓರೆಯಾಗಿ ಬಿದ್ದಾಗ ಆ ಜಾಲರಿಗಳ ಹಿಂದೆ ಕಿಂಡಿಯೇ ಇಲ್ಲವೆಂಬುದೂ, ಅಲ್ಲಿರುವುದು ಕಪ್ಪು ಪ್ಲಾಸ್ಟಿಕ್ಕಿನ ಗೋಡೆ ಮಾತ್ರವೆಂಬುದೂ ಕಂಡಿತು. ಸಿಗ್ನಲ್ ಬಿಟ್ಟಿತು, ಕಾರು ಹೋಯಿತು. ಕಾರು ನನ್ನದಲ್ಲ, ಖರ್ಚಾದ ಹಣ ನನ್ನದಲ್ಲ, ಆ ಬಂಪರಿನೊಳಗೆ ಗಾಳಿ ಹೋದರೂ ಬಿಟ್ಟರೂ ನನಗೆ ಆಗಬೇಕಾದ್ದೇನೂ ಇಲ್ಲ. ಆದರೂ ಮನೆ ತಲುಪುವವರೆಗೆ ಒಂದು ಸಿಟ್ಟು ನನ್ನ ಜೊತೆಯಲ್ಲೇ ಪ್ರಯಾಣ ಮಾಡಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಹಂಗಿಸಿದ್ದು ಇಲ್ಲದವರ ಶೋಕಿಯನ್ನು. ಸಾಧಾರಣ ಪುಟ್ಟ ಕಾರೊಂದಕ್ಕೆ ಯಾರಾದರೂ ರೆಕ್ಕೆ ಹಚ್ಚಿಸಿದರೆ ನನಗೆ ಕೋಪ ಬರುವುದಿಲ್ಲ. ಅದು ಕೈಗೆಟುಕದ್ದರ ಆಸೆ, ಅದಕ್ಕೊಂದು ಮುಗ್ಧತೆ ಇದೆ. ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಹೊಟ್ಟೆಗೆ ಹಿಟ್ಟು ಬೇಕಾದಷ್ಟಿದೆ. ನಿಜವಾದ ವೇಗ, ನಿಜವಾದ ಎಂಜಿನ್, ಯಾರೂ ಸಂಶಯಿಸದ ಶಕ್ತಿ ಎಲ್ಲವೂ ಇರುವ ಯಂತ್ರಕ್ಕೆ ವೇಗದ ವೇಷ ತೊಡಿಸುವ ಅಗತ್ಯ ಏಕೆ ಬೀಳುತ್ತದೆ ಎಂಬುದು ನನ್ನ ತಕರಾರು.

ವೇಷಗಳಲ್ಲಿಯೂ ತರತಮವಿದೆ. ಬಣ್ಣ ಬದಲಿಸುವುದನ್ನು ನಾನು ವೇಷವೆಂದು ಎಣಿಸುವುದಿಲ್ಲ, ಏಕೆಂದರೆ ಬಣ್ಣ ಯಾವ ಕೆಲಸವನ್ನೂ ಮಾಡುತ್ತೇನೆಂದು ಹೇಳಿಕೊಳ್ಳುವುದಿಲ್ಲ. ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ಮೇಲೆ ಸಿಕ್ಕಿಸುವ ಕೆಂಪು ಪ್ಲಾಸ್ಟಿಕ್ ಮುಚ್ಚಳ ಹಾಗಲ್ಲ; ಚಕ್ರದ ಕಡ್ಡಿಗಳ ಸಂದಿಯಿಂದ ಇಣುಕುತ್ತ, ಈ ಕಾರನ್ನು ತಡೆದು ನಿಲ್ಲಿಸುವುದು ನಾನೇ ಎಂದು ಅದು ಸುಳ್ಳು ಸಾಕ್ಷಿ ನುಡಿಯುತ್ತದೆ. ಎಲ್ಲಕ್ಕಿಂತ ಅಸಹನೀಯವಾದದ್ದು ಕಾರ್ಬನ್ ಫೈಬರಿನ ನೇಯ್ಗೆಯನ್ನು ಮುದ್ರಿಸಿದ ಸ್ಟಿಕ್ಕರ್. ಕಾರ್ಬನ್ ಫೈಬರನ್ನು ಕಾರಿಗೆ ತಂದವರು ತೂಕ ಇಳಿಸುವ ಹಟದಿಂದ ತಂದರು. ಅದರ ಚಿತ್ರವನ್ನು ಲೋಹದ ಬಾನೆಟ್ಟಿನ ಮೇಲೆ ಅಂಟಿಸಿದಾಗ, ಬಾನೆಟ್ಟಿನ ತೂಕದ ಜೊತೆಗೆ ಸ್ಟಿಕ್ಕರಿನ ತೂಕವೂ ಸೇರುತ್ತದೆ. ಆ ಕೆಲವು ಗ್ರಾಂಗಳ ಬಗ್ಗೆ ಯೋಚಿಸುತ್ತ ನಾನು ನಿದ್ದೆಗೆಟ್ಟಿದ್ದೇನೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಬಹಳ ದೊಡ್ಡ ಉತ್ಪ್ರೇಕ್ಷೆಯೇನೂ ಅಲ್ಲ.

ಈ ದೋಷವನ್ನೆಲ್ಲ ಕಾರಿನ ಮಾಲೀಕರ ತಲೆಗೇ ಕಟ್ಟುವುದು ನ್ಯಾಯವಲ್ಲ, ಕಾರ್ಖಾನೆಗಳೇ ಅವರಿಗೆ ಗುರುಗಳು. ಲ್ಯಾಂಬೋರ್ಗಿನಿ ಕೌಂಟಾಕ್ ಎಂಬ ಸ್ಪೋರ್ಟ್ಸ್ ಕಾರಿನ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವ ಆ ದೊಡ್ಡ ಹಿಂಬದಿ ರೆಕ್ಕೆ, ಫಾರ್ಮುಲಾ ಒನ್ ತಂಡದ ಒಡೆಯನಾಗಿದ್ದ ವಾಲ್ಟರ್ ವುಲ್ಫ್ ತನಗಾಗಿ ಹೇಳಿ ಮಾಡಿಸಿಕೊಂಡ ಕಾರಿನಲ್ಲಿ ಮೊದಲು ಕಾಣಿಸಿಕೊಂಡಿತು. ಆಮೇಲೆ ಬೇಕೆಂದವರಿಗೆಲ್ಲ ಸಿಗುವಂತಾಯಿತು. ರೆಕ್ಕೆ ಇದ್ದ ಕೌಂಟಾಕ್ ರೆಕ್ಕೆ ಇಲ್ಲದ ಕೌಂಟಾಕ್‌ಗಿಂತ ನಿಧಾನವಾಗಿತ್ತು, ಕೊಳ್ಳುವವರು ಮಾತ್ರ ರೆಕ್ಕೆಯನ್ನೇ ಬಯಸಿದರು. ಟೊಯೋಟಾ 2019ರಲ್ಲಿ ಮರಳಿ ತಂದ ಸುಪ್ರಾ ಕಾರಿನ ಮೈತುಂಬ ಕಿಂಡಿಗಳು ಕಾಣುತ್ತವೆ, ಬಹುಪಾಲು ಮುಚ್ಚಿದ ಕಿಂಡಿಗಳೇ. ರೇಸಿಗೆ ಇಳಿಸುವವರು ಬೇಕಾದರೆ ಅವನ್ನು ತೆರೆದುಕೊಳ್ಳಬಹುದು ಎಂಬ ಸಮಾಧಾನವನ್ನು ಕಂಪನಿಯವರೇ ಕೊಟ್ಟರು. ಹಾಗೆ ತೆರೆದುಕೊಳ್ಳುವವರು ಎಷ್ಟು ಮಂದಿಯೋ.

ಇಷ್ಟು ಹೇಳಿದ ಮೇಲೆ ರೆಕ್ಕೆಯ ಪರವಾಗಿಯೂ ಒಂದು ಕಥೆಯನ್ನು ಹೇಳಲೇಬೇಕು. ಅದು ಸ್ವಲ್ಪ ದೂರ ಕರೆದೊಯ್ಯುತ್ತದೆ.

ಅಮೆರಿಕದ ನಾಸ್ಕಾರ್ ರೇಸುಗಳಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಎಂಜಿನ್ನಿನ ಬಲವೊಂದೇ ಸಾಲದೆ ಗಾಳಿಯೊಡನೆ ಗುದ್ದಾಡುವ ಕಾಲ ಬಂದಿತ್ತು. ಕ್ರೈಸ್ಲರ್ ಸಂಸ್ಥೆ 1969ರಲ್ಲಿ ಡಾಡ್ಜ್ ಚಾರ್ಜರ್ ಡೇಟೋನಾ ಎಂಬ ಕಾರನ್ನು ತಯಾರಿಸಿ, ಅದರ ಮೂತಿಗೆ ಉದ್ದನೆಯ ಚೂಪಾದ ಕೊಕ್ಕನ್ನೂ ಬೆನ್ನಿಗೆ ಸುಮಾರು 58 ಸೆಂಟಿಮೀಟರ್ ಎತ್ತರದ ರೆಕ್ಕೆಯನ್ನೂ ಜೋಡಿಸಿತು. ರೆಕ್ಕೆ ಅಷ್ಟು ಎತ್ತರವಾದದ್ದು ಡಿಕ್ಕಿಯ ಬಾಗಿಲು ತೆರೆಯಲು ಜಾಗ ಬೇಕಾಗಿದ್ದರಿಂದ ಎಂಬ ಕಥೆಯೊಂದು ಪ್ರಚಾರದಲ್ಲಿದೆ. ಸಾಮಾನು ತುಂಬುವ ಅನುಕೂಲಕ್ಕಾಗಿ ರೇಸು ಗೆಲ್ಲುವ ರೆಕ್ಕೆಯನ್ನು ಎತ್ತರಿಸಿದರು ಎಂಬುದು ಎಷ್ಟು ಮುದ್ದಾದ ಕಥೆಯೆಂದರೆ, ಅದನ್ನು ಪರಿಶೀಲಿಸುವ ಮನಸ್ಸು ಯಾರಿಗೂ ಬರುವುದಿಲ್ಲ. ಕಾರು ಮಾತ್ರ ಕಥೆಯಾಗಿರಲಿಲ್ಲ. 1970ರ ಮಾರ್ಚ್ 24ರಂದು ಟಾಲಡೇಗಾ ಟ್ರ್ಯಾಕಿನಲ್ಲಿ ರೇಸ್ ಚಾಲಕ ಬಡ್ಡಿ ಬೇಕರ್ ಡೇಟೋನಾವನ್ನು ಗಂಟೆಗೆ 200 ಮೈಲಿಗಳ, ಅಂದರೆ ಸುಮಾರು 322 ಕಿಲೋಮೀಟರುಗಳ ಗಡಿ ದಾಟಿಸಿದ. ಅದೇ ಸಂಸ್ಥೆಯ ಪ್ಲಿಮತ್ ವಿಭಾಗದಲ್ಲಿ ಇಂಥ ಕಾರು ಇಲ್ಲವೆಂಬ ಕಾರಣಕ್ಕೆ ಹೆಸರಾಂತ ರೇಸ್ ಚಾಲಕ ರಿಚರ್ಡ್ ಪೆಟ್ಟಿ 1969ರಲ್ಲಿ ಮುನಿಸಿಕೊಂಡು ಫೋರ್ಡ್ ಕಡೆಗೆ ಹೋಗಿಬಿಟ್ಟಿದ್ದ. 1970ಕ್ಕೆ ಪ್ಲಿಮತ್‌ನವರು ಸೂಪರ್‌ಬರ್ಡ್ ಎಂಬ ರೆಕ್ಕೆಯ ಕಾರನ್ನು ಮಾಡಿದಾಗ ಮರಳಿ ಬಂದ.

ತೊಡಕು ಶುರುವಾದದ್ದು ಇಲ್ಲಿಂದ. ರೇಸಿನಲ್ಲಿ ಓಡಿಸಬೇಕಾದರೆ ಅಂಥದೇ ಕಾರುಗಳನ್ನು ನಿಗದಿತ ಸಂಖ್ಯೆಯಲ್ಲಿ ಸಾರ್ವಜನಿಕರಿಗೂ ಮಾರಬೇಕೆಂಬುದು ನಿಯಮ. ಹಾಗಾಗಿ ಸುಮಾರು 1,900 ಸೂಪರ್‌ಬರ್ಡ್‌ಗಳು ಕೊಕ್ಕು ರೆಕ್ಕೆಗಳ ಸಮೇತ ಶೋರೂಮುಗಳಿಗೆ ಬಂದು ನಿಂತವು. ಜನ ಬಂದರು, ನೋಡಿದರು, ಪಕ್ಕದಲ್ಲಿದ್ದ ಬೇರೆ ಕಾರನ್ನು ಕೊಂಡು ಹೋದರು. ಕೆಲವು ಶೋರೂಮುಗಳಲ್ಲಿ ಅವು ಮಾರಾಟವಾಗದೆ ಎಷ್ಟು ಕಾಲ ಬಿದ್ದಿದ್ದವೆಂದರೆ, ಮಾರಾಟಗಾರರು ಬೇಸತ್ತು ಕೊಕ್ಕನ್ನೂ ರೆಕ್ಕೆಯನ್ನೂ ಕಳಚಿಸಿ, ಮಾಮೂಲಿ ಕಾರಿನ ಮೂತಿ ಹಾಕಿಸಿ ಸಾಗಹಾಕಿದರು. ವೇಷ ಕಟ್ಟುವ ಕಸುಬಿಗೆ ಹೆಸರಾದ ಲೋಕದಲ್ಲಿ ವೇಷ ಕಳಚಿ ಮಾರಿದ ಪ್ರಸಂಗ ಇದೊಂದೇ ಇರಬೇಕು. ಅತ್ತ 1971ರ ನಿಯಮಗಳು ರೆಕ್ಕೆಯ ಕಾರುಗಳಿಗೆ ಸುಮಾರು 5 ಲೀಟರಿನ ಸಣ್ಣ ಎಂಜಿನ್ನಷ್ಟೇ ಸಾಕೆಂದು ವಿಧಿಸಿ ಅವುಗಳ ಆಟವನ್ನೂ ಮುಗಿಸಿದವು. ಈಗ ಅವೇ ಸೂಪರ್‌ಬರ್ಡ್‌ಗಳು ಹರಾಜಿಗೆ ಬಂದರೆ ಸಂಗ್ರಹಕಾರರು ಮೇಲೆಬಿದ್ದು ಕೂಗುತ್ತಾರೆ, ಒಂದು ಕಾಲಕ್ಕೆ ಕಳಚಿ ಎಸೆದದ್ದನ್ನು ಮರುಜೋಡಿಸಲು ಹೆಣಗುತ್ತಾರೆ.

ನನ್ನನ್ನು ಕಾಡುವುದು ಇದು: ವಾಹನ ಚರಿತ್ರೆಯ ಅತ್ಯಂತ ಪ್ರಾಮಾಣಿಕ ರೆಕ್ಕೆಗಳಲ್ಲಿ ಒಂದು, ನೋಡಿದವರ ಕಣ್ಣಿಗೆ ಶುದ್ಧ ಶೋಕಿಯಾಗಿ ಕಂಡಿತು. ಹಾಗಾದರೆ ಸಿಗ್ನಲ್‌ನಲ್ಲಿ ನಿಂತು ತೀರ್ಪು ಕೊಡುವ ನನ್ನಂಥವನ ಕಣ್ಣಿಗೆ ಯಾವ ಬೆಲೆ? ಬೆಲೆ ಇದೆ ಎಂದೇ ನಾನು ವಾದಿಸುತ್ತೇನೆ. ರೆಕ್ಕೆ ಕಾರನ್ನು ನೆಲಕ್ಕೆ ಒತ್ತುವ ಬಲವು ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಂಟೆಗೆ 200 ಕಿಲೋಮೀಟರಿನಲ್ಲಿ ಸಿಗುವ ಬಲದ 25ರಲ್ಲಿ ಒಂದು ಪಾಲು ಮಾತ್ರ 40 ಕಿಲೋಮೀಟರಿನಲ್ಲಿ ಸಿಗುತ್ತದೆ. ಅಂದರೆ ಟಾಲಡೇಗಾದಲ್ಲಿ ಸತ್ಯವಾದ ರೆಕ್ಕೆಯೂ ಊರೊಳಗಿನ ರಸ್ತೆಗೆ ಬಂದೊಡನೆ ಹೆಚ್ಚುಕಡಿಮೆ ಸುಳ್ಳಾಗಿಬಿಡುತ್ತದೆ. ಆದರೆ ಈ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸುವುದು ಕಷ್ಟ, ಏಕೆಂದರೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ತೆವಳುವಾಗ ಬಾನೆಟ್ಟಿನೊಳಗಿನ ನೂರಾರು ಕುದುರೆಗಳೂ ಸುಳ್ಳೇ ತಾನೆ. ರೆಕ್ಕೆಯನ್ನು ಮಾತ್ರ ಹಿಡಿದು ಬೈದು ಎಂಜಿನ್ನನ್ನು ಬಿಟ್ಟುಬಿಡುವುದಕ್ಕೆ ತಕ್ಕ ಕಾರಣವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಶುದ್ಧತಾವಾದಿಗಳು ಈ ಕಾರಣ ತಮ್ಮ ಬಳಿ ಇದೆಯೆನ್ನುತ್ತಾರೆ. ಕಾರ್ಖಾನೆ ಕೊಟ್ಟದ್ದೆಲ್ಲ ನಿಜ, ಆಮೇಲೆ ಸೇರಿದ್ದೆಲ್ಲ ಸೋಗು ಎಂಬುದು ಅವರ ಸಿದ್ಧಾಂತ. ಇವರ ಸಹವಾಸ ಸ್ಟಿಕ್ಕರ್ ಅಂಟಿಸುವವರ ಸಹವಾಸಕ್ಕಿಂತ ಕಠಿಣ. 1973ರ ಪೋರ್ಶೆ 911 ಕರೇರಾ ಆರ್‌ಎಸ್ ಕಾರಿಗೆ ಬಾತುಕೋಳಿಯ ಬಾಲದಂತೆ ಮೇಲೆದ್ದ ಹಿಂತುದಿ ಇದ್ದು, ವೇಗದಲ್ಲಿ ಹಿಂಭಾಗ ಗಾಳಿಗೆ ಏಳುವುದನ್ನು ಅದು ತಗ್ಗಿಸುತ್ತಿತ್ತು. ಸಾಧಾರಣ 911 ಇಟ್ಟುಕೊಂಡ ಅನೇಕರು ಅಂಥದೇ ಬಾಲ ತರಿಸಿ ಜೋಡಿಸಿಕೊಂಡರು, ಈಗಲೂ ಜೋಡಿಸಿಕೊಳ್ಳುತ್ತಾರೆ. ಗಾಳಿಗೆ ಚಾಸಿ ನಂಬರ್ ಓದಲು ಬರುವುದಿಲ್ಲವಾದ್ದರಿಂದ ಆ ಬಾಲವೂ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ಶುದ್ಧತಾವಾದಿ ಅದನ್ನು ಒಪ್ಪುವುದಿಲ್ಲ. ಬಾಲಕ್ಕೆ ವಂಶಾವಳಿ ಬೇಕು ಎನ್ನುತ್ತಾನೆ. ಹಾಗೆ ನೋಡಿದರೆ ಪ್ರಶ್ನೆ ಕೆಲಸದ್ದಲ್ಲ, ದರ್ಜೆಯದು. ಯಾರು ಏನನ್ನು ತೊಡಬಹುದು ಎಂದು ಕಟ್ಟುಪಾಡು ಮಾಡುವವರ ಪಕ್ಕದಲ್ಲಿ ನಿಲ್ಲುವುದಕ್ಕಿಂತ ನಾನು ಪ್ಲಾಸ್ಟಿಕ್ ಕಿಂಡಿಯವನ ಪಕ್ಕದಲ್ಲೇ ನಿಂತೇನು, ಮುಖ ಬೇರೆ ಕಡೆಗೆ ತಿರುಗಿಸಿಕೊಂಡು.

ಡೆಡ್‌ಮೌಸ್ ಎಂಬ ಹೆಸರಿನ ಸಂಗೀತಗಾರ ತನ್ನ ಫೆರಾರಿ 458 ಕಾರಿಗೆ ಆಕಾಶನೀಲಿಯ ಮೇಲೆ ಹಿಂದೆ ಕಾಮನಬಿಲ್ಲಿನ ಜಾಡು ಬಿಡುತ್ತ ಹಾರುವ ಕಾರ್ಟೂನ್ ಬೆಕ್ಕಿನ ಚಿತ್ರವನ್ನು ಹೊದಿಸಿ, ಕಂಪನಿಯ ಲಾಂಛನದ ಜಾಗಕ್ಕೂ ಬೆಕ್ಕನ್ನೇ ಅಂಟಿಸಿಕೊಂಡಿದ್ದ. 2014ರಲ್ಲಿ ಫೆರಾರಿಯವರು ಇದನ್ನೆಲ್ಲ ಕಿತ್ತುಹಾಕಬೇಕೆಂದು ಕಾನೂನಿನ ಪತ್ರ ಕಳಿಸಿದರು. ನನ್ನ ಮಟ್ಟಿಗೆ ಕಾರಿಗೆ ಮಾಡಿದ ಅಲಂಕಾರಗಳಲ್ಲೆಲ್ಲ ಅತ್ಯಂತ ನಿಷ್ಕಪಟವಾದದ್ದು ಆ ಬೆಕ್ಕು. ಬೆಕ್ಕಿನ ಚಿತ್ರದಿಂದ ಕಾರು ಬೇಗ ಓಡುತ್ತದೆಂದು ಯಾರೂ ನಂಬುವುದಿಲ್ಲ, ಅಂಟಿಸಿದವನೂ ಹಾಗೆ ಹೇಳುವುದಿಲ್ಲ.

ಇದುವರೆಗೆ ಹೇಳಿದ ಸೋಗುಗಳಿಗೆಲ್ಲ ಕನಿಷ್ಠ ನೋಡುವವರು ಬೇಕು. ನೋಡುವವರಿಲ್ಲದ ಸೋಗನ್ನು ಏನೆನ್ನಬೇಕೆಂದು ನನಗೆ ತಿಳಿಯದು. 2011ರಲ್ಲಿ ಬಂದ ಬಿಎಂಡಬ್ಲ್ಯೂ ಎಂ5 ಕಾರಿನ ಒಳಗೆ ಎಂಜಿನ್ನಿನ ಸದ್ದನ್ನು ಸ್ಟೀರಿಯೊ ಸ್ಪೀಕರುಗಳ ಮೂಲಕ ಕೇಳಿಸುವ ಏರ್ಪಾಟಿತ್ತು. ಹೊರಗಿನವರಿಗೆ ಅದು ಕೇಳುವಂತಿರಲಿಲ್ಲ, ಓಡಿಸುವವನ ಕಿವಿಗಷ್ಟೇ ಮೀಸಲು. ಆ ಕಾರಿಗೆ ನಿಜವಾದ ಎಂಜಿನ್ನಾದರೂ ಇತ್ತು. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಬ್ಯಾಟರಿಯಲ್ಲಿ ಓಡುವ ಕಾರು. ಅದರಲ್ಲಿ ಬದಲಿಸಲು ಗೇರುಗಳೇ ಇಲ್ಲದಿದ್ದರೂ, ಬಯಸಿದವರಿಗೆ ಎಂಟು ಗೇರುಗಳನ್ನು ನಟಿಸಿ ತೋರಿಸುತ್ತದೆ. ಗೇರು ಬದಲಾಗುವಾಗಿನ ಕುಲುಕಾಟವನ್ನೂ ಸದ್ದನ್ನೂ ತಾನೇ ಹುಟ್ಟಿಸಿ ಕೊಡುತ್ತದೆ. ಇದನ್ನು ಓಡಿಸಿ ನೋಡಿದ ವಿಮರ್ಶಕರು, ಅದರಲ್ಲಿಯೂ ಯಾವ ಸೋಗನ್ನೂ ಸಹಿಸದ ಹಳೆಯ ಹುಲಿಗಳು, ಬಹಳ ಆನಂದವಾಯಿತೆಂದು ಬರೆದುಕೊಂಡಿದ್ದಾರೆ. ಇವರೇ ಆ ಬಂಪರಿನ ಪ್ಲಾಸ್ಟಿಕ್ ಕಿಂಡಿಗೆ ಮೂಗು ಮುರಿಯುವವರು. ಕಾರಣ ಕೇಳಿದರೆ, ಇದು ಬೇರೆ ಅದು ಬೇರೆ ಎನ್ನುತ್ತಾರೆ.