ಅಪ್ಪನ ವಯಸ್ಸನ್ನು ಕೇಳುವವರು ಸಿದ್ಧತೆಯನ್ನೂ ಕೇಳಲಿ

ನಮ್ಮಪ್ಪನಿಗೆ ಈಗ 62 ವರ್ಷ. ಗಂಗಾವತಿಯಲ್ಲಿ ಲೈನ್‌ಮನ್ ಆಗಿ ಮೂರು ದಶಕ ಕಂಬ ಹತ್ತಿ ಇಳಿದು ನಿವೃತ್ತರಾದ ಅವರು, ಬರುವ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಬೈಕ್ ರೇಸಿನ ತರಬೇತಿಗೆಂದು ಹೊರಟಿದ್ದಾರೆ. ಸುದ್ದಿ ಗೊತ್ತಾದಾಗಿನಿಂದ ಬೀಗರು, ಓಣಿಯವರು, ಅಪ್ಪನ ಜೊತೆ ಕೆಲಸ ಮಾಡಿದವರು ಎಲ್ಲರೂ ಕೇಳುವುದು ಒಂದೇ ಮಾತು: “ಈ ವಯಸ್ಸಿನಾಗ ಇದೆಲ್ಲಾ ಯಾಕ ಬೇಕ್ರಿ?” ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು, ಮಗಳಾಗಿ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಸೆ ನಿವೃತ್ತಿಯ ನಂತರ ಹುಟ್ಟಿದ್ದಲ್ಲ. 1983ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅಕ್ಕಿ ಹೇರಿಕೊಂಡು ಮದ್ರಾಸಿಗೆ ಹೊರಟ ಲಾರಿಯೊಂದರಲ್ಲಿ ಕುಳಿತು ಹೋಗಿ, ಅಪ್ಪ ಶೋಲಾವರಂನಲ್ಲಿ ರೇಸ್ ನೋಡಿ ಬಂದಿದ್ದರು. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿ ಅದು. ಆಗ ದೇಶದ ದೊಡ್ಡ ರೇಸುಗಳು ನಡೆಯುತ್ತಿದ್ದದ್ದು ಅಲ್ಲಿಯೇ. ಊರಿಗೆ ಮರಳಿದ ಮೇಲೆ ನೌಕರಿ, ತಂಗಿಯರ ಮದುವೆ, ಅಜ್ಜನ ಕಾಯಿಲೆ, ನಮ್ಮ ಓದು ಒಂದರ ಹಿಂದೆ ಒಂದು ಬಂದವು. 1990ರಲ್ಲಿ ಸೆಕೆಂಡ್‌ಹ್ಯಾಂಡ್ ಯಮಹಾ ಆರ್‌ಎಕ್ಸ್ 100 ಕೊಂಡದ್ದಷ್ಟೇ ಅವರು ಆ ಆಸೆಗೆ ಕೊಟ್ಟ ಪಾಲು. 98 ಸಿಸಿಯ ಆ ಟು-ಸ್ಟ್ರೋಕ್ ಎಂಜಿನ್ನನ್ನು ಅವರು ಇವತ್ತಿಗೂ ಬೇರೆಯವರ ಕೈಗೆ ಕೊಟ್ಟವರಲ್ಲ. ತಿಂಗಳಿಗೊಮ್ಮೆ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ಅದರ ಬಣ್ಣ ನೋಡುತ್ತಾರೆ. ಕಪ್ಪಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಬೆಳ್ಳಗಿದ್ದರೆ ಕಡಿಮೆಯಾಗಿ ಎಂಜಿನ್ ಕಾಯುತ್ತಿದೆ, ಇಟ್ಟಿಗೆಯ ಕಂದು ಇದ್ದರೆ ಸರಿ ಇದೆ ಎಂದು ನಾನು ಕಲಿತದ್ದು ಐದನೆಯ ತರಗತಿಯಲ್ಲಿ, ಅವರ ಪಕ್ಕದಲ್ಲಿ ಕುಳಿತು.

ಆದರೂ ತರಬೇತಿಯ ಮಾತೆತ್ತಿದಾಗ ಮೊದಲು ಬೇಡವೆಂದವಳು ನಾನೇ. ನನ್ನ ಭಯಕ್ಕೆ ಕಾರಣವಿತ್ತು. ವಯಸ್ಸಾದಂತೆ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸುವುದು ನಿಧಾನವಾಗುತ್ತದೆ, ಮುರಿದ ಎಲುಬು ಕೂಡಲು ಹೆಚ್ಚು ದಿನ ಬೇಕಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಜಗತ್ತಿನ ಅತಿ ಅನುಭವಿ ಸವಾರರನ್ನೂ ಈ ಆಟ ಬಿಟ್ಟಿಲ್ಲ: 2000ದ ಜೂನ್‌ನಲ್ಲಿ, 48ನೆಯ ವಯಸ್ಸಿನಲ್ಲಿ, ಬ್ರಿಟನ್ ಹತ್ತಿರದ ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಟಿಟಿ ಬೈಕ್ ರೇಸಿನಲ್ಲಿ ಮೂರು ರೇಸ್ ಗೆದ್ದ ಸವಾರ ಜೋಯಿ ಡನ್‌ಲಪ್, ಕೆಲವೇ ವಾರಗಳ ನಂತರ ಎಸ್ಟೋನಿಯಾದ ರೇಸಿನಲ್ಲಿ ತೀರಿಕೊಂಡರು. ಇದನ್ನು ನಾನು ಅಪ್ಪನ ಮುಂದೆಯೇ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, “ಅದಕ್ಕs ಅಲ್ಲೇನವ್ವಾ ಕಲಿಯಾಕ ಹೊಂಟಿದ್ದು” ಎಂದರು.

ಆ ಮಾತಿನ ಮೇಲೆ ಬಹಳ ದಿನ ಯೋಚಿಸಿದೆ. ನಮ್ಮ ಗಂಗಾವತಿ–ಸಿಂಧನೂರು ರಸ್ತೆಯನ್ನೇ ನೋಡಿ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲಿ ನಿಂತಿರುತ್ತವೆ. ಅದೇ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದ ಹುಡುಗರು ಮೂವರು ಕುಳಿತು ಹಾರಿಸಿಕೊಂಡು ಹೋಗುವುದನ್ನು ಹರೆಯವೆಂದು ಒಪ್ಪಿಕೊಳ್ಳುವ ನಾವು, ಎದುರಿನಿಂದ ಯಾವ ವಾಹನವೂ ಬಾರದ, ಆಂಬುಲೆನ್ಸ್ ಕಾದು ನಿಂತಿರುವ, 3.717 ಕಿ.ಮೀ. ಟ್ರ್ಯಾಕ್‌ಗೆ ಮೈತುಂಬ ರಕ್ಷಾಕವಚ ತೊಟ್ಟು ಇಳಿಯುವ ಹಿರಿಯರನ್ನು ಅರಳು ಮರಳು ಎನ್ನುತ್ತೇವೆ. ಟ್ರ್ಯಾಕ್‌ನಲ್ಲಿ ತಿರುವುಗಳು ಬದಲಾಗುವುದಿಲ್ಲ. ಬ್ರೇಕ್ ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಸುತ್ತು ಹಾಕಿದಂತೆ ಕೈಗೆ ಕೂಡುತ್ತದೆ. ಚುರುಕು ಕಡಿಮೆಯಾದವರು ಹತ್ತು ಮೀಟರ್ ಮೊದಲೇ ಬ್ರೇಕ್ ಹಿಡಿಯಬಹುದು. ಅದರಿಂದ ಹೋಗುವುದು ಸಮಯ ಮಾತ್ರ.

ನ್ಯೂಜಿಲೆಂಡಿನ ಬರ್ಟ್ ಮನ್ರೋ ಅವರ ವಿಷಯ ಅಪ್ಪನಿಗೆ ಬಾಯಿಪಾಠ. 1920ರಲ್ಲಿ ಕೊಂಡ ಇಂಡಿಯನ್ ಸ್ಕೌಟ್ ಬೈಕನ್ನು ದಶಕಗಟ್ಟಲೆ ತಮ್ಮ ಶೆಡ್ಡಿನಲ್ಲೇ ತಿದ್ದುತ್ತ, ಪಿಸ್ಟನ್‌ಗಳನ್ನೂ ಕೈಯಾರೆ ಎರಕ ಹೊಯ್ದು, 1967ರಲ್ಲಿ 68ನೆಯ ವಯಸ್ಸಿನಲ್ಲಿ ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 295 ಕಿ.ಮೀ.ಗೂ ಹೆಚ್ಚಿನ ವೇಗದ ದಾಖಲೆ ಮಾಡಿದವರು. ಎಲ್ಲರೂ ಅವರ ವಯಸ್ಸನ್ನೇ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಶೆಡ್ಡಿನಲ್ಲಿ ಕಳೆದ ಆ ವರ್ಷಗಳು.

ಅಪ್ಪನ ಸಿದ್ಧತೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರಿಚಯದ ರೈಸ್‌ಮಿಲ್ಲಿನವರು ಭತ್ತ ಒಣಗಿಸುವ ಸಿಮೆಂಟ್ ಕಣವನ್ನು ಬೆಳಗಿನ ಒಂದು ತಾಸು ಬಿಟ್ಟುಕೊಟ್ಟಿದ್ದಾರೆ. ಐದೂವರೆಗೆ ಹೋಗಿ ಮೊದಲು ಪೊರಕೆಯಿಂದ ಕಣ ಗುಡಿಸುತ್ತಾರೆ, ಏಕೆಂದರೆ ನಾಲ್ಕು ಕಾಳು ಭತ್ತ ಉಳಿದರೂ ಟೈರ್ ಜಾರುತ್ತದೆ. ಎಂಟು ಇಟ್ಟಿಗೆ ಇಟ್ಟು, ಅವುಗಳ ನಡುವೆ ಕಾಲು ನೆಲಕ್ಕೆ ಊರದೆ ಸುತ್ತುತ್ತಾರೆ. ಆಮೇಲೆ ಸುಣ್ಣದ ಗೆರೆಯ ಹತ್ತಿರ ಬಂದು ಮುಂದಿನ ಬ್ರೇಕನ್ನು ಒಮ್ಮೆಲೇ ಜಗ್ಗದೆ, ನಿಂಬೆಹಣ್ಣು ಹಿಂಡಿದ ಹಾಗೆ ಒತ್ತುತ್ತ ನಿಲ್ಲುತ್ತಾರೆ. ನಿಂತ ಜಾಗಕ್ಕೆ ನಾನು ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಮೊದಲ ವಾರ ಆ ಗುರುತುಗಳು ಮೂರು ಮಾರು ಹರಡಿದ್ದವು, ಈಗ ಒಂದು ಗೇಣಿನೊಳಗೆ ಬೀಳುತ್ತಿವೆ. ಕಣ್ಣು, ಸಕ್ಕರೆ, ಬಿಪಿ, ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆಗಳೆಲ್ಲ ಮುಗಿದಿವೆ.

ಒಂದು ತರಬೇತಿ ಸಂಸ್ಥೆಯವರು ಫೋನಿನಲ್ಲಿ ವಯಸ್ಸು ಕೇಳಿದ ಕೂಡಲೇ “ಮಗನನ್ನು ಕಳಿಸಿ” ಎಂದುಬಿಟ್ಟರು. ಕಣ್ಣು ಹೇಗಿದೆ, ಎಷ್ಟು ವರ್ಷ ಬೈಕ್ ಓಡಿಸಿದ್ದಾರೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವೈದ್ಯರು ಬೇಡವೆಂದಿದ್ದರೆ ನಾವೇ ನಿಲ್ಲುತ್ತಿದ್ದೆವು. ತಲೆ ನರೆತಿದೆ ಎಂಬ ಕಾರಣಕ್ಕೆ ಬಾಗಿಲು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾಶಿಗೆ, ರಾಮೇಶ್ವರಕ್ಕೆ ಹೊರಟಿದ್ದರೆ ಇದೇ ಜನ ಹಾರ ಹಾಕಿ ಕಳಿಸುತ್ತಿದ್ದರು ಎಂಬುದೂ ನನ್ನನ್ನು ನೋಯಿಸುತ್ತದೆ.

ಎರಡನೆಯ ಸಂಸ್ಥೆಯವರು ಅಪ್ಪನ ಜೊತೆಯೇ ಅರ್ಧ ತಾಸು ಮಾತಾಡಿ ಹೆಸರು ಬರೆದುಕೊಂಡರು. ಇಷ್ಟು ದಿನ ಹೂಂ ಎಂದೂ ಅನ್ನದೆ, ಊಹೂಂ ಎಂದೂ ಅನ್ನದೆ ಇದ್ದ ಅವ್ವ, ನಿನ್ನೆ ರಾತ್ರಿ ಊಟಕ್ಕೆ ಬಡಿಸುತ್ತ, “ನೋಡಾಕ ಬಂದೋರು ಎಲ್ಲಿ ಕುಂದ್ರಬೇಕು ಅಲ್ಲಿ? ನೆರಳು ಐತೇನು?” ಎಂದು ಕೇಳಿದಳು. ಇವತ್ತು ಮೂರು ಟಿಕೆಟ್ ಮಾಡಿಸಿದ್ದೇನೆ.